ಬಿಚ್ಚುವ ಮುಂಚೆ ಗುರುತು ನೋಡಿರಿ



‘ಗಾಡಿ ರಿಪೇರಿ ಗಂಡಸರ ಕೆಲಸ, ನಮಗ್ಯಾಕ್ರೀ ಅದರ ಉಸಾಬರಿ?’ ಎಂದು ನೀವು ಕೇಳಬಹುದು. ಕಾರಣವಿದೆ. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳಲ್ಲಿ ಹಳೆಯ ಮಾರುತಿ 800 ಇಟ್ಟುಕೊಂಡವರು ಇನ್ನೂ ಇದ್ದಾರೆ. ನಾಲ್ಕು ಕಾಸು ಉಳಿಸೋಣವೆಂದು ರವಿವಾರ ಅಂಗಳದಲ್ಲೇ ಎಂಜಿನ್ ಬಿಚ್ಚಲು ಕೂಡುವ ಯಜಮಾನರುಂಟು, ಮೊಬೈಲಿನಲ್ಲಿ ನೋಡಿ ಕಲಿತ ಮಕ್ಕಳುಂಟು. ಕೆಲವು ಮನೆಗಳಲ್ಲಿ ಪಾನಾ ಹಿಡಿಯುವವರು ನೀವೇ. ಯಾರೇ ಕೈ ಹಾಕಲಿ, ಟೈಮಿಂಗ್ ಬೆಲ್ಟ್ ಬಿಚ್ಚುವ ಕೆಲಸದಲ್ಲಿ ಯಾವುದು ಸರಿ, ಯಾವುದು ಅಪಾಯ ಎಂಬುದು ಮನೆಯಾಕೆಗೆ ಗೊತ್ತಿರಬೇಕು. ಗಾಡಿ ಕೆಟ್ಟರೆ ಖರ್ಚು ಮನೆಯದೇ, ಕೈ ಜಜ್ಜಿದರೆ ಆರೈಕೆ ನಿಮ್ಮದೇ.

ಈ ಬೆಲ್ಟ್ ಮಾಡುವ ಕೆಲಸವಾದರೂ ಏನು? ಗಜೇಂದ್ರಗಡದ ಕಡೆ ಕೈಮಗ್ಗ ನೋಡಿದವರಿಗೆ ಹೇಳುವುದು ಸುಲಭ. ಕಾಲಿನಿಂದ ತುಳಿದಾಗ ಹಾಸಿನ ನೂಲು ಬಾಯಿ ತೆರೆಯುತ್ತದೆ, ಆಗಲೇ ಲಾಳಿ ಒಳಗೆ ಓಡುತ್ತದೆ. ಬಾಯಿ ತೆರೆಯುವ ಮುಂಚೆ ಲಾಳಿ ಓಡಿದರೆ ನೂಲು ಹರಿಯುತ್ತದೆ. ಎಂಜಿನ್ನಿನಲ್ಲೂ ಹಾಗೆಯೇ. ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಅದರ ಮೇಲೆ ವಾಲ್ವ್ ಎಂಬ ಪುಟ್ಟ ಬಾಗಿಲುಗಳಿವೆ. ಪಿಸ್ಟನ್ನಿಗೆ ಸೇರಿದ್ದು ಕೆಳಗಿನ ಕ್ರ್ಯಾಂಕ್, ಬಾಗಿಲು ತೆರೆಯುವುದು ಮೇಲಿನ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಇಬ್ಬರನ್ನೂ ಕಟ್ಟಿಹಾಕಿರುವುದೇ ಹಲ್ಲುಗಳುಳ್ಳ ಆ ರಬ್ಬರ್ ಪಟ್ಟಿ.

1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ ಕಾರಿಗೆ ಇಂಥ ಪಟ್ಟಿ ಹಾಕಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೂರು ಸಿಲಿಂಡರಿನ ಎಂಜಿನ್ನಿಗೆ ಇದೇ ಪಟ್ಟಿ. ಅಂಬಾಸಿಡರ್, ಪದ್ಮಿನಿಗಳಿಗೆ ಇದ್ದದ್ದು ಚೈನು; ಈಗಿನ ಹಲವು ಹೊಸ ಕಾರುಗಳಿಗೂ ಚೈನೇ. ಆದ್ದರಿಂದ ನಿಮ್ಮ ಗಾಡಿಗೆ ಯಾವುದಿದೆ ಎಂದು ಮೊದಲು ಗಾಡಿಯ ಪುಸ್ತಕದಲ್ಲಿ ನೋಡಿರಿ. ಪಟ್ಟಿ ಎಷ್ಟು ಕಿಲೋಮೀಟರಿಗೆ, ಎಷ್ಟು ವರ್ಷಕ್ಕೆ ಬದಲಿಸಬೇಕೆಂಬುದೂ ಅದರಲ್ಲೇ ಇರುತ್ತದೆ. ಹಲವು ಗಾಡಿಗಳಿಗೆ ಇದು 60,000ದಿಂದ 1,00,000 ಕಿ.ಮೀ. ಒಳಗೆ ಬರುತ್ತದೆ. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಮರೆಯಬೇಡಿ.

ಪಟ್ಟಿ ಹರಿದರೆ ಅಥವಾ ಹಲ್ಲು ಸರಿದರೆ ಹಲವು ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಬಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬಡಿಯುವುದಿಲ್ಲ. ನಿಮ್ಮದು ಯಾವುದೆಂದು ಗೊತ್ತಿಲ್ಲದಿದ್ದರೆ ಬಡಿಯುತ್ತದೆಂದೇ ತಿಳಿದು ಕೆಲಸ ಮಾಡಿಸಿರಿ.

ಬೇಕಾಗುವ ಸಾಮಾನು: ಗಾಡಿಯ ರಿಪೇರಿ ಪುಸ್ತಕ, ಅಳತೆಗೆ ಸರಿಯಾದ ಪಾನಾಗಳು, ಜಾಕ್, ಗಾಡಿಯ ಭಾರ ಹೊರುವ ಎರಡು ಕಬ್ಬಿಣದ ಸ್ಟ್ಯಾಂಡು, ಗಾಲಿಗೆ ಇಡಲು ಎರಡು ಕಲ್ಲು, ಬಿಳಿ ಬಣ್ಣ, ಹಳೇ ಬಟ್ಟೆ, ಹೊಸ ಬೆಲ್ಟ್.

ಮೊದಲು ಜಾಗ. ನಮ್ಮ ರೋಣ, ನರಗುಂದದ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಬೆಣ್ಣೆಯಂತಾಗುತ್ತದೆ. ಅದರ ಮೇಲೆ ಜಾಕ್ ಕೊಟ್ಟರೆ ನೋಡನೋಡುತ್ತಲೇ ಕುಸಿಯುತ್ತದೆ. ಸಿಮೆಂಟಿನ ಅಥವಾ ಕಲ್ಲು ಹಾಸಿದ ಸಮತಟ್ಟಾದ ನೆಲ ಇಲ್ಲದಿದ್ದರೆ ಆ ಕೆಲಸ ಮನೆಯಲ್ಲಿ ಬೇಡವೇ ಬೇಡ. ಜಾಕ್ ಗಾಡಿ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಗಾಲಿ ತೆಗೆಯಬೇಕಾದರೆ ಎತ್ತಿದ ಮೇಲೆ ಸ್ಟ್ಯಾಂಡು ಕೊಟ್ಟೇ ತೆಗೆಯಬೇಕು. ಇಟ್ಟಿಗೆ ಒಟ್ಟಿ ನಿಲ್ಲಿಸಿದ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುವುದರಿಂದ ಕೈಯಾಡಲು ಜಾಗ ಕಡಿಮೆ. ಅದನ್ನು ಗ್ಯಾರೇಜಿಗೇ ಕೊಡುವುದು ಲೇಸು.

ಎರಡನೆಯದು ಮೈ. ಎಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು. ಕೀಲಿಕೈ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿರಿ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಬೇಕು. ನೀವು ಸಹಾಯಕ್ಕೆ ನಿಲ್ಲುವುದಾದರೆ ಸೆರಗು ಸಿಕ್ಕಿಸಿ, ಜಡೆ ಮೇಲೆ ಕಟ್ಟಿ, ಬಳೆ ಉಂಗುರ ತೆಗೆದಿಡಿ, ತಾಳಿ ರವಿಕೆಯೊಳಗೆ ಇರಲಿ. ಲೋಹದ ಬಳೆ ಬ್ಯಾಟರಿಯ ಪ್ಲಸ್‌ಗೂ ಗಾಡಿಯ ಮೈಗೂ ಒಮ್ಮೆಲೇ ತಾಗಿದರೆ ಕೆಂಡದಂತೆ ಕಾದು ಕೈ ಸುಡುತ್ತದೆ. ಸಣ್ಣ ಮಕ್ಕಳನ್ನು ಹತ್ತಿರ ಬಿಡಬೇಡಿ.

ಮಾಡುವ ವಿಧಾನ: ಮೊದಲು ಹೊರಗಿನ ಫ್ಯಾನ್ ಬೆಲ್ಟ್, ಪುಲ್ಲಿ, ಮುಚ್ಚಳ ಬಿಚ್ಚಬೇಕು. ಪುಲ್ಲಿಯ ಬೋಲ್ಟು ಬಲು ಬಿಗಿ. ಅದನ್ನು ಸಡಿಲಿಸಲು ಸ್ಟಾರ್ಟರ್ ತಿರುಗಿಸುವ ಹುಚ್ಚು ಸಾಹಸ ಬೇಡ. ಬಿಗಿ ಬಿಡದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ. ಮುಚ್ಚಳ ತೆಗೆದ ಮೇಲೆ ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ, ಎರಡೂ ಹಲ್ಲುಗಾಲಿಗಳ ಗುರುತು ಪುಸ್ತಕದಲ್ಲಿ ತೋರಿಸಿದ ಜಾಗಕ್ಕೆ ಬರುವಂತೆ ಮಾಡಬೇಕು. ಕೆಳಗಿನದು ಸರಿಯಾಗಿ, ಮೇಲಿನದು ಅರ್ಧ ಸುತ್ತು ಆಚೆ ಇದ್ದರೆ ಕ್ರ್ಯಾಂಕ್ ಇನ್ನೊಂದು ಸುತ್ತು ತಿರುಗಿಸಿರಿ. ಗುರುತು ಮಸುಕಾಗಿದ್ದರೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಗುರುತು ಕೂಡುವ ತನಕ ಪಟ್ಟಿ ಮುಟ್ಟಕೂಡದು.

ಆಮೇಲೆ ಪಟ್ಟಿ ಬಿಗಿ ಹಿಡಿದ ಟೆನ್ಷನರ್ ಸಡಿಲಿಸಬೇಕು. ಅದಕ್ಕೆ ಸ್ಪ್ರಿಂಗ್ ಇದ್ದರೆ ಬೆರಳು ಜೋಪಾನ. ಪಟ್ಟಿ ಮೆಲ್ಲಗೆ ಸರಿದು ಬರುತ್ತದೆ, ಮೀಟಿ ಎಳೆಯಬೇಕಿಲ್ಲ. ಪಟ್ಟಿ ಹೊರಗೆ ಬಂದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಯಾರೂ ತಿರುಗಿಸಕೂಡದು. ‘ಸ್ವಲ್ಪ ತಿರುಗಿಸಿ ನೋಡ್ತೀನಿ’ ಎನ್ನುವ ಮಗನ ಕೈ ಹಿಡಿಯುವ ಹೊತ್ತು ಇದೇ.

ತೆಗೆದ ಪಟ್ಟಿಯಲ್ಲಿ ಬಿರುಕು, ಮುರಿದ ಹಲ್ಲು, ಎಣ್ಣೆ ಕಂಡರೆ ಗಮನಿಸಿರಿ. ಎಣ್ಣೆ ಇದ್ದರೆ ಎಲ್ಲೋ ಸೀಲು ಸೋರುತ್ತಿದೆ. ಅದನ್ನು ಸರಿಪಡಿಸದೆ ಹೊಸ ಪಟ್ಟಿ ಹಾಕಿದರೆ ಅದೂ ಬೇಗ ಹಾಳು. ಹೊಸ ಪಟ್ಟಿಯನ್ನು ಮಡಚಬೇಡಿ, ತಿರುಚಬೇಡಿ, ಎಣ್ಣೆಗೈಯಲ್ಲಿ ಮುಟ್ಟಬೇಡಿ. ನಮ್ಮ ಕಡೆ ಗಾಳಿಗೆ ಧೂಳು ಜಾಸ್ತಿ. ಬಿಚ್ಚಿಟ್ಟ ಜಾಗಕ್ಕೆ ಬಟ್ಟೆ ಹೊದಿಸಿರಿ.

ಹೊಸ ಪಟ್ಟಿ ಹಾಕಿ, ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಕೊಟ್ಟ ಮೇಲೆ ಕೂಡಲೇ ಕೀಲಿ ತಿರುಗಿಸಬೇಡಿ. ಹೊಲಿಗೆ ಯಂತ್ರ ರಿಪೇರಿ ಮಾಡಿಸಿದಾಗ ನೀವು ಏನು ಮಾಡುತ್ತೀರಿ? ಪೆಡಲು ತುಳಿಯುವ ಮುಂಚೆ ಚಕ್ರವನ್ನು ಕೈಯಿಂದ ತಿರುಗಿಸಿ, ಸೂಜಿ ಎಲ್ಲೂ ತಾಗುವುದಿಲ್ಲವೆಂದು ನೋಡುತ್ತೀರಲ್ಲವೇ? ಇಲ್ಲಿಯೂ ಅದೇ ಬುದ್ಧಿ. ಕ್ರ್ಯಾಂಕನ್ನು ಪಾನಾದಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಬೇಕು. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಒಳಗೆ ಏನೋ ತಾಗುತ್ತಿದೆ. ಒಂದು ಹಲ್ಲು ಹೆಚ್ಚುಕಡಿಮೆ ಕಂಡರೂ ಬಿಚ್ಚಿ ಮತ್ತೆ ಹಾಕಿಸಿರಿ.

ಪಟ್ಟಿ ಬಿಚ್ಚುವುದು ಅರ್ಧ ದಿನದ ಕೆಲಸವಾದರೂ ಆಗಲಿ, ಅವಸರ ಬೇಡ. ಅಡಿಗೆಯಲ್ಲಿ ಉಪ್ಪು ಹೆಚ್ಚಾದರೆ ನೀರು ಬೆರೆಸಿ ಸುಧಾರಿಸಬಹುದು. ಬಾಗಿದ ವಾಲ್ವನ್ನು, ಗಾಡಿಯ ಕೆಳಗೆ ಸಿಕ್ಕ ಕೈಯನ್ನು ಹಾಗೆ ಸುಧಾರಿಸಲಾಗದು. ಆದ್ದರಿಂದ ಪಾನಾ ಯಾರ ಕೈಯಲ್ಲೇ ಇರಲಿ, ‘ಸ್ಟ್ಯಾಂಡು ಕೊಟ್ಟೀರೇನು? ಗುರುತು ಕೂಡಿತೇನು? ಎರಡು ಸುತ್ತು ತಿರುಗಿಸಿದಿರೇನು?’ ಎಂದು ಮೂರು ಪ್ರಶ್ನೆ ಕೇಳಿರಿ. ಮೂರಕ್ಕೂ ‘ಹೌದು’ ಬರುವ ತನಕ ಕೀಲಿಕೈ ನಿಮ್ಮ ಹತ್ತಿರವೇ ಇರಲಿ.