ಬಳಲದವರ ಪರವಾಗಿ
‘ಐ ಆಮ್ ಸಫರಿಂಗ್ ಫ್ರಂ ಫೀವರ್’: ಶಾಲೆಯ ರಜಾ ಅರ್ಜಿಗೆಂದು ನಾನು ಬಾಯಿಪಾಠ ಮಾಡಿದ ವಾಕ್ಯ. ಮನೆಯಲ್ಲಿ ಅವ್ವ ಅನ್ನುತ್ತಿದ್ದುದು ‘ಇವನಿಗೆ ಜ್ವರ ಬಂದೈತಿ’ ಎಂದಷ್ಟೇ. ಜ್ವರ ಬರುತ್ತದೆ, ಬಿಡುತ್ತದೆ. ನಾವು ಚತುರ್ಥಿ ವಿಭಕ್ತಿಯಲ್ಲಿ ಸುಮ್ಮನೆ ಮಲಗಿರುತ್ತೇವೆ. ‘ಸಫರ್’ಗೆ ಮಾತ್ರ ನರಳುವ ಕರ್ತೃ ಬೇಕು. ಅದು ಇಂಗ್ಲಿಷಿನ ಜಾಯಮಾನ, ಇರಲಿ. ನನ್ನ ತಕರಾರು ನಮ್ಮ ಪತ್ರಿಕೆಗಳ ಮೇಲೆ. ಸಕ್ಕರೆ ಕಾಯಿಲೆ ಇದ್ದವರೆಲ್ಲ ಅಲ್ಲಿ ‘ಮಧುಮೇಹದಿಂದ ಬಳಲುತ್ತಿದ್ದರು’! ನನಗೂ ಆ ಕಾಯಿಲೆ ಇದೆ. ಮಾತ್ರೆ ನುಂಗಿ, ಎರಡು ಮೈಲಿ ನಡೆದು, ಪಾಠ ಮಾಡಿ ಬರುತ್ತೇನೆ. ಬಳಲಿಕೆ ಏನಿದ್ದರೂ ಉತ್ತರಪತ್ರಿಕೆ ತಿದ್ದುವಾಗ. ಇಂಗ್ಲಿಷಿನಲ್ಲೇ ಎಷ್ಟೋ ಅಂಗವಿಕಲರು ತಮಗೆ ಈ ಕ್ರಿಯಾಪದ ಹಚ್ಚಬೇಡಿ ಎನ್ನುತ್ತಿದ್ದಾರೆ. ನಾವು ಅದನ್ನೇ ಕನ್ನಡಿಸಿ ಇಟ್ಟುಕೊಂಡಿದ್ದೇವೆ. ‘ಅವರಿಗೆ ಮಧುಮೇಹ ಇತ್ತು’ ಎಂದು ಬರೆಯಲು ಏನು ಕಷ್ಟ?