ಪಾನಾ ಯಾರ ಕೈಯಲ್ಲಿರಬೇಕು?

ಕಬ್ಬಿನ ಬೆಳೆಯನ್ನು ನೋಡಲು ಘಟಪ್ರಭಾ ಸೀಮೆಗೆ ಹೋದಾಗಲೆಲ್ಲ ನನ್ನ ಗಮನಕ್ಕೆ ಬರುವ ಸಂಗತಿಯೊಂದಿದೆ. ಮಸಗುಪ್ಪಿಯ ಕಡೆಯ ರೈತ ತನ್ನ ಪಂಪ್‌ಸೆಟ್ಟಿನ ಫುಟ್‌ವಾಲ್ವನ್ನು ತಾನೇ ಬಿಚ್ಚಿ ಕಸ ತೆಗೆಯುತ್ತಾನೆ, ಗ್ಲ್ಯಾಂಡಿಗೆ ಹೊಸ ಡೋರಿ ಸುತ್ತುತ್ತಾನೆ. ಆದರೆ ಮೋಟಾರಿನ ವೈಂಡಿಂಗ್ ಸುಟ್ಟಿತೆಂದರೆ ಅದನ್ನು ಬೈಕಿನ ಹಿಂದೆ ಬಿಗಿದು ಗೋಕಾಕಿಗೋ ಮೂಡಲಗಿಗೋ ಒಯ್ಯುತ್ತಾನೆ. ಯಾವುದು ತನ್ನ ಕೆಲಸ, ಯಾವುದು ಕಸುಬುದಾರನ ಕೆಲಸ ಎಂಬ ಎಲ್ಲೆಯನ್ನು ಅವನಿಗೆ ಯಾರೂ ಪಾಠ ಹೇಳಿ ಕಲಿಸಿಲ್ಲ; ಅನುಭವ ಕಲಿಸಿದೆ. ಅದೇ ಮನೆಯ ಮಗ ತನ್ನ ಬೈಕಿಗೆ ಹೊಸ ದೀಪ, ಅಗಲದ ಟೈರು, ಬೇರೆ ಸೈಲೆನ್ಸರ್ ಹಾಕಲು ಹೊರಟಾಗ ಮಾತ್ರ ಈ ವಿವೇಕ ಕಾಣೆಯಾಗುತ್ತದೆ. ನಮ್ಮ ಬೆಟ್ಟದ ಊರುಗಳಲ್ಲೂ ಸ್ಥಿತಿ ಬೇರೆಯಾಗಿಲ್ಲ.

ಪರಿಸರದ ಪತ್ರಿಕೆಯಲ್ಲಿ ಬೈಕಿನ ಮಾತೇಕೆ ಎಂದು ಓದುಗರು ಕೇಳಬಹುದು. ಬಸ್ಸು ಬಾರದ ಹಳ್ಳಿಯಲ್ಲಿ ಹಾಲಿನ ಕ್ಯಾನು, ಅಡಕೆ ಸಸಿ, ಜ್ವರ ಬಂದ ಮುದುಕಿ ಎಲ್ಲವನ್ನೂ ಹೊರುವುದು ಈ ಎರಡು ಗಾಲಿಗಳೇ. ಅದರ ಎಣ್ಣೆ ಇಳಿಯುವುದು ನಮ್ಮದೇ ಹಳ್ಳಕ್ಕೆ, ಅದರ ಸದ್ದು ಹರಡುವುದು ನಮ್ಮದೇ ಕಾಡಿಗೆ. ಆದ್ದರಿಂದ ಬೈಕಿನ ರಿಪೇರಿಯೂ ನಮ್ಮ ಚರ್ಚೆಗೆ ಸಲ್ಲುವ ವಿಷಯವೇ.

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ, ಮಂಜಿನ ದಿನಗಳಿಗೆಂದು ಎರಡು ಎಲ್‌ಇಡಿ ದೀಪಗಳನ್ನು ತಂದು, ಕೂಲಿ ಉಳಿಸುವ ಹುಮ್ಮಸ್ಸಿನಲ್ಲಿ ನಾನೇ ಜೋಡಿಸಿದೆ. ಪ್ರತ್ಯೇಕ ಫ್ಯೂಸ್ ಇಲ್ಲ, ರಿಲೇ ಇಲ್ಲ. ಹೆಡ್‌ಲೈಟಿನ ತಂತಿಗೇ ಇನ್ನೊಂದು ತಂತಿ ಹೊಸೆದು ಟೇಪು ಸುತ್ತಿದ್ದೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಆ ತಂತಿಯ ಹೊದಿಕೆ ದಿನವೂ ಉಜ್ಜಿ ಸವೆಯಿತು. ಜುಲೈ ತಿಂಗಳ ಒಂದು ರಾತ್ರಿ ಘಾಟಿಯ ತಿರುವಿನಲ್ಲಿ ತಾಮ್ರ ಚೌಕಟ್ಟಿಗೆ ತಾಗಿ ಮೂಲ ಫ್ಯೂಸೇ ಸುಟ್ಟಿತು. ಹೊಸ ದೀಪಗಳ ಜೊತೆಗೆ ಹಳೆಯ ದೀಪವೂ ಆರಿತು. ಹಿಂದೆ ಮಗಳು ಕುಳಿತಿದ್ದಳು. ಕತ್ತಲಲ್ಲಿ ಬ್ರೇಕು ಹಿಡಿದು ನಿಂತ ಆ ಗಳಿಗೆಯಲ್ಲಿ ನಾನು ಉಳಿಸಿದ್ದ ಕೂಲಿಯ ಬೆಲೆ ನನಗೆ ಅರ್ಥವಾಯಿತು.

ಇದರಿಂದ ಕಲಿತ ಪಾಠವನ್ನು ನಾನು ಅತಿಯಾಗಿ ಕಲಿತೆ. ಮರುವರ್ಷ ಹೊಸ ಟೈರು, ಹೊಸ ಚೈನು ಎಲ್ಲವನ್ನೂ ಒಂದು ಅಂಗಡಿಗೆ ಒಪ್ಪಿಸಿ, ಹಣ ಕೊಟ್ಟು, ನಿಶ್ಚಿಂತನಾಗಿ ಮನೆಗೆ ಬಂದೆ. ಅಂಗಳದಲ್ಲಿ ಸುಮ್ಮನೆ ಪಾನಾ ಹಿಡಿದು ನೋಡಿದರೆ ಹಿಂದಿನ ಗಾಲಿಯ ಆಕ್ಸಲ್ ನಟ್ಟು ಬಿಗಿಯಾಗಿರಲಿಲ್ಲ. ಬದಲಿಸಿದ ಹಳೆಯ ಎಂಜಿನ್ ಆಯಿಲನ್ನು ಅವರು ಅಂಗಡಿಯ ಹಿಂದಿನ ಚರಂಡಿಗೆ ಸುರಿದದ್ದನ್ನೂ ನಾನು ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ. ಹಣ ಕೊಟ್ಟು ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ.

ಹಾಗಾದರೆ ಎಲ್ಲೆಯನ್ನು ಎಲ್ಲಿ ಎಳೆಯಬೇಕು? ಯಾವುದೇ ಹೊಸ ಭಾಗವನ್ನು ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ಕೈಕೊಟ್ಟರೆ ಬೀಳುವವರು ಯಾರು? ಬಿಚ್ಚಿದ್ದನ್ನು ಮೊದಲಿನಂತೆ ಜೋಡಿಸುವ ತಿಳಿವಳಿಕೆಯೂ ಉಪಕರಣವೂ ನನ್ನಲ್ಲಿವೆಯೇ? ತೆಗೆದ ಹಳೆಯ ವಸ್ತು ಎಲ್ಲಿಗೆ ಹೋಗುತ್ತದೆ?

ಸೀಟಿನ ಹೊದಿಕೆ, ಮೊಬೈಲ್ ಸ್ಟ್ಯಾಂಡು, ಮಡ್‌ಫ್ಲ್ಯಾಪು, ಕನ್ನಡಿ, ಏರ್ ಫಿಲ್ಟರ್, ಚೈನು ತೊಳೆದು ಎಣ್ಣೆ ಹಾಕುವುದು — ಇವುಗಳನ್ನು ನಾವೇ ಮಾಡಬೇಕು. ಕಂಪನಿ ಕೊಡುವ ಕೈಪಿಡಿಯಲ್ಲಿ ಚೈನು ಎಷ್ಟು ಸಡಿಲವಿರಬೇಕೆಂಬುದು ಮಿಲಿಮೀಟರ್ ಲೆಕ್ಕದಲ್ಲಿಯೇ ಇರುತ್ತದೆ. ನಾವು ಅದನ್ನು ಬೀರುವಿನಲ್ಲಿಟ್ಟು ಮರೆಯುತ್ತೇವೆ. ಈ ಕೆಲಸಗಳಿಂದ ಉಳಿಯುವ ಹಣ ಸ್ವಲ್ಪವೇ. ಆದರೆ ಯಂತ್ರದ ಪರಿಚಯವಾಗುತ್ತದೆ, ದಾರಿಯಲ್ಲಿ ಅದು ಕೆಮ್ಮಿದಾಗ ಗಾಬರಿಯಾಗುವುದಿಲ್ಲ.

ಬ್ರೇಕು, ಟೈರು, ಸಸ್ಪೆನ್ಷನ್, ವೈರಿಂಗ್ ಇವು ಕಸುಬುದಾರನವು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಕೊಳವೆಯಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಹಿಡಿಕೆ ಮೆತ್ತಗಾಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದರಿಂದ ಆ ಕೆಲಸ ಇನ್ನಷ್ಟು ಸೂಕ್ಷ್ಮವಾಗಿದೆ. ಇಲ್ಲಿ ಕೂಲಿಗೆ ಚೌಕಾಸಿ ಮಾಡುವುದು ತರವಲ್ಲ. ಹನ್ನೆರಡನೆಯ ವಯಸ್ಸಿನಿಂದ ಮಸಿ ಮೆತ್ತಿಕೊಂಡು ಕಲಿತವನ ಕೈಗುಣಕ್ಕೂ ಬೆಲೆಯಿದೆ. ಆದರೆ ಪಕ್ಕದಲ್ಲಿ ನಿಂತು ನೋಡಬೇಕು, ಕೇಳಬೇಕು, ಮನೆಗೆ ಬಂದು ನಟ್ಟುಗಳನ್ನು ಮುಟ್ಟಿ ನೋಡಬೇಕು.

ಇನ್ನು ಮೂರನೆಯ ಗುಂಪೊಂದಿದೆ: ನಾವೂ ಮಾಡಬಾರದು, ಅಂಗಡಿಯಲ್ಲೂ ಮಾಡಿಸಬಾರದು. ಸೈಲೆನ್ಸರ್ ಬದಲಾವಣೆ ಈ ಗುಂಪಿನದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾನದಂಡದ ಬೈಕುಗಳಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು ಹೊಗೆ ಕೊಳವೆಯ ಹಾದಿಯಲ್ಲೇ. ಅದನ್ನು ಕಿತ್ತರೆ ವಿಷ ನೇರವಾಗಿ ಹೊರಬರುತ್ತದೆ. ಸದ್ದು 10 ಡೆಸಿಬೆಲ್ ಏರಿತೆಂದರೆ ಧ್ವನಿಯ ಶಕ್ತಿ 10 ಪಟ್ಟು ಏರಿತೆಂದೇ ಅರ್ಥ; ಕಣಿವೆಯಲ್ಲಿ ಅದು ಬೆಟ್ಟದಿಂದ ಬೆಟ್ಟಕ್ಕೆ ಮರುದನಿಸುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ, ಹಾಗೆ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಂಗಡಿಯವನು ಹಾಕಿಕೊಟ್ಟ ಎಂಬ ಸಬೂಬು ಅಲ್ಲಿ ನಡೆಯದು.

ಕೊನೆಯದಾಗಿ ಹಳೆಯ ಎಣ್ಣೆಯ ಮಾತು. ಬದುವಿನ ಕಳೆಗೆ, ಬೇಲಿಯ ಗೂಟಕ್ಕೆ, ಸೊಳ್ಳೆಯ ಗುಂಡಿಗೆ ಅದನ್ನು ಸುರಿಯುವ ಪದ್ಧತಿ ನಮ್ಮಲ್ಲಿದೆ. ಮಣ್ಣಿನ ವಿದ್ಯಾರ್ಥಿಯಾಗಿ ಹೇಳುತ್ತೇನೆ: ಎಣ್ಣೆ ಬಿದ್ದ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಉಸಿರುಗಟ್ಟುತ್ತವೆ, ಎಂಜಿನ್ ಸವೆದ ಲೋಹದ ಅಂಶ ಅಲ್ಲೇ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಗೂ ಸ್ಥಾನವಿದೆ. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹಿಡಕಲ್ ಜಲಾಶಯದಲ್ಲಿ ತಂಗಿ, ಗೋಕಾಕದಲ್ಲಿ ಧುಮುಕಿ ಕೃಷ್ಣೆಯನ್ನು ಸೇರುತ್ತಾಳೆ. ಬೆಟ್ಟದ ಚರಂಡಿಗೆ ಸುರಿದದ್ದು ಬಯಲಿನ ಹೊಲಕ್ಕೆ ಇಳಿಯುತ್ತದೆ.

ನನ್ನ ಸಲಹೆ ಸರಳವಾದುದು. ಪ್ರತಿ ಊರಿನ ಹಾಲಿನ ಡೇರಿಯಲ್ಲೋ ಯುವಕ ಸಂಘದಲ್ಲೋ ಒಂದು ಪಾನಾ ಸೆಟ್ಟು, ಒಂದು ಟಾರ್ಕ್ ವ್ರೆಂಚು, ಹಳೆಯ ಎಣ್ಣೆಗೆ ಮುಚ್ಚಳವಿರುವ ಒಂದು ಡ್ರಮ್ಮು ಇರಲಿ. ಒಬ್ಬೊಬ್ಬರಿಗೆ ದುಬಾರಿಯಾದ ಉಪಕರಣ ಊರಿಗೆ ಹೊರೆಯಾಗದು. ತುಂಬಿದ ಡ್ರಮ್ಮನ್ನು ಪರವಾನಗಿ ಪಡೆದ ಸಂಗ್ರಾಹಕರಿಗೆ ಒಪ್ಪಿಸಲಿ. ತಿಂಗಳಿಗೊಂದು ಭಾನುವಾರ ಊರಿನ ಮೆಕ್ಯಾನಿಕನನ್ನೇ ಗೌರವಧನ ಕೊಟ್ಟು ಕರೆಸಿ ವಿದ್ಯಾರ್ಥಿಗಳು ಕಲಿಯಲಿ, ಹುಡುಗಿಯರೂ ಕಲಿಯಲಿ. ಆಗ ಪಾನಾ ಯಾರ ಕೈಯಲ್ಲಿದ್ದರೂ ಅದು ಬಿಗಿದ ನಟ್ಟು ಸಡಿಲವೋ ಬಿಗಿಯೋ ಎಂದು ಹೇಳಬಲ್ಲವರು ಪ್ರತಿ ಮನೆಯಲ್ಲೂ ಇರುತ್ತಾರೆ.