ಅಪ್ಪನ ಶ್ರುತಿಗೆ ಎಷ್ಟು ತಂತಿ?

ಬೇಸ್ ಗಿಟಾರ್ ತಗೋಬೇಕು ಅಂತಿದ್ದೀರಾ? ಹಾಗಾದ್ರೆ ಫೋನ್ ಸ್ಪೀಕರಿನಲ್ಲಿ ಡೆಮೊ ಕೇಳಿ ಮಾತ್ರ ತೀರ್ಮಾನ ಮಾಡಬೇಡಿ. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಷ್ಟು ಕೆಳಗಿನ ನಾದ ಫೋನಿಂದ ಹೊರಡೋದೇ ಇಲ್ಲ. ನಾನು ರಾಜಾಜಿನಗರದಿಂದ ಮೆಟ್ರೋ ಹತ್ತಿ ತಿಂಗಳುಗಟ್ಟಲೆ ಹಾಗೇ ಕೇಳ್ತಾ, ಜಾಝ್ ಬೇಸೇ ಬೇಕು ಅಂತ ಹಟ ಹಿಡಿದಿದ್ದೆ.

ಕಾರಣ, ಜಾಕೋ ಪಾಸ್ಟೋರಿಯಸ್. ಫ್ರೆಟ್ ಇಲ್ಲದ ಜಾಝ್ ಬೇಸಿನಲ್ಲಿ ಆತ ಬೆರಳು ಜಾರಿಸಿದ್ರೆ, ಗಮಕ ಕೇಳಿ ಬೆಳೆದ ನಮ್ಮ ಕಿವಿ ತಕ್ಷಣ ನೆಟ್ಟಗಾಗುತ್ತೆ. ಆದ್ರೆ ವಾರಕ್ಕೆರಡು ಸಂಜೆ ಅಭ್ಯಾಸ ಮಾಡೋ ನನ್ನಂಥವನ ಬೆರಳು ಕೂದಲೆಳೆಯಷ್ಟು ತಪ್ಪಿದ್ರೂ ಹಾಡೋರಿಗೆ ತೊಂದರೆ. ಫ್ರೆಟ್‌ಲೆಸ್ ಆಸೆ ಅಲ್ಲಿಗೇ ಬಿಟ್ಟೆ.

ಲಿಯೋ ಫೆಂಡರ್ 1951ರಲ್ಲಿ ತಂದ ಬೇಸಿಗೆ ಪ್ರಿಸಿಷನ್ ಅಂತ ಹೆಸರಿಟ್ಟಿದ್ದೇ ಫ್ರೆಟ್‌ನಿಂದಾಗಿ ಸ್ವರ ಕರಾರುವಾಕ್ಕಾಗಿ ಬರುತ್ತೆ ಅಂತ. ಅದಕ್ಕೆ ಒಂದೇ ಪಿಕಪ್, ದಪ್ಪ ದನಿ. 1960ರಲ್ಲಿ ಬಂದ ಜಾಝ್ ಬೇಸಿಗೆ ಎರಡು ಪಿಕಪ್, ಸಪೂರ ಕತ್ತು. ಕೋಣೆಯಲ್ಲಿ ಒಬ್ಬನೇ ನುಡಿಸಿದ್ರೆ ಜಾಝ್‌ನದೇ ಚೆಂದ. ವಿಜಯನಗರದ ಗೆಳೆಯನ ಮನೆಯಲ್ಲಿ ಡ್ರಮ್ಸು, ಕೀಬೋರ್ಡಿನ ಜೊತೆ ಎರಡನ್ನೂ ನುಡಿಸಿ ನೋಡಿದೆ. ಎರಡೂ ಪಿಕಪ್ ಪೂರ್ತಿ ತೆರೆದ ಜಾಝ್ ಗದ್ದಲದಲ್ಲಿ ಕಳೆದುಹೋಯ್ತು. ಮಂಕು ಅಂದುಕೊಂಡಿದ್ದ ಪ್ರಿಸಿಷನ್ ಮಾತ್ರ ನೆಲ ಹಿಡಿದು ನಿಂತಿತು. ಗಣೇಶನ ಪೆಂಡಾಲಿಗೂ ರಾಜ್ಯೋತ್ಸವದ ವೇದಿಕೆಗೂ ಅದೇ ಸರಿ ಅನ್ನಿಸ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದ್ರೆ ನಾನು ನುಡಿಸೋದು ಬಹುಪಾಲು ಅಪ್ಪನಿಗೆ. ಪ್ರತಿ ನವೆಂಬರ್ ನಮ್ಮ ಬಡಾವಣೆಯ ವೇದಿಕೆಯಲ್ಲಿ ಅವರದು ರಾಜ್‌ಕುಮಾರ್ ಹಾಡು ಇದ್ದೇ ಇರುತ್ತೆ. ಮೊದಲೆಲ್ಲ ಇ ಶ್ರುತಿ. ನಾಲ್ಕು ತಂತಿಯ ಬೇಸಿನ ಕಡೇ ತಂತಿಯೂ ಇ, ಹಾಗಾಗಿ ಷಡ್ಜ ಬಂದಾಗಲೆಲ್ಲ ಖಾಲಿ ತಂತಿ ಮೀಟಿದ್ರೆ ಸಾಕು, ಎದೆ ನಡುಗುತ್ತೆ. ಹೋದ ವರ್ಷ ಅವರು ಡಿಗೆ ಇಳಿದರು. ಆ ತಂತಿಯನ್ನೇ ಒಂದು ಸ್ವರ ಸಡಿಲ ಮಾಡಿ ನಿಭಾಯಿಸಿದೆ, ದುಡ್ಡು ಖರ್ಚಿಲ್ಲದ ಉಪಾಯ. ಸಿಗೆ ಇಳಿದ್ರೆ ತಂತಿ ಇನ್ನೂ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತೆ. ಆಗ ಐದನೇ ತಂತಿ ಬೇಕು. ಅದರ ಬಿ 31 ಹರ್ಟ್ಸ್ ಹತ್ತಿರ. ಮನೆಯ ಪುಟ್ಟ ಆಂಪ್‌ಗೆ ಅದು ಭಾರ, ಅಗಲವಾದ ಕತ್ತು ನನ್ನ ಬೆರಳಿಗೆ ಭಾರ.

ಅದಕ್ಕಿಂತ ಭಾರವಾಗಿದ್ದು ಬೇರೆ. ಐದು ತಂತಿ ತಗೊಂಡ್ರೆ, ಅಪ್ಪನ ದನಿ ಇನ್ನೂ ಇಳಿಯುತ್ತೆ ಅಂತ ನಾನೇ ಲೆಕ್ಕ ಹಾಕಿದ ಹಾಗಲ್ವಾ? ಹಾಗಂತ ನಾಲ್ಕೇ ತಂತಿಯ ಪ್ರಿಸಿಷನ್ ಹೆಚ್ಚೂಕಡಿಮೆ ಗಟ್ಟಿ ಮಾಡಿ, ಶನಿವಾರ ಅವರನ್ನೂ ಅಂಗಡಿಗೆ ಕರ್ಕೊಂಡು ಹೋದೆ.

ಅವರು ಪಕ್ಕದಲ್ಲಿ ತೂಗುಹಾಕಿದ್ದನ್ನು ನೋಡಿ, "ಇದಕ್ಕೇನೋ ಒಂದು ತಂತಿ ಜಾಸ್ತಿ ಇದೆ?" ಅಂದ್ರು.

"ಇನ್ನೂ ಕೆಳಗಿನ ಸ್ವರಕ್ಕೆ ಅಪ್ಪಾ. ಸಿ ಶ್ರುತಿಯವರಿಗೆ..."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದನ್ನೇ ತಗೋ ಕಣೋ. ಎರಡು ತಿಂಗಳಿಂದ ಬಚ್ಚಲುಮನೇಲಿ ಸಿಯಲ್ಲೇ ಹಾಡ್ಕೋತಿದ್ದೀನಿ. ನಿಂಗೆ ಹೇಗಪ್ಪಾ ಹೇಳೋದು ಅಂತಿದ್ದೆ."

ಐದು ತಂತಿಯದೇ ಮನೆಗೆ ಬಂತು, ಪ್ರಿಸಿಷನ್ ಪಿಕಪ್‌ನದು. ಆಂಪ್ ಇನ್ನೂ ಹಳೇದೇ. ಬಿ ತಂತಿ ಮುಟ್ಟಿದ್ರೆ ಅದು ಕೆಮ್ಮುತ್ತೆ.